ಮಾಜಿ ಸೈನಿಕರೂ ಧೂಮಪಾನವೂ

ಕೊಡಗು ವೀರರ ನಾಡೆಂದು ಹೊಗಳುವುದಕ್ಕೆ ಯಾರೂ ಹಿಂಜರಿಯುವುದಿಲ್ಲ. ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾದುದು ಉಚಿತವೇ ಸರಿ. ಆದರೆ ರಣರಂಗದಿಂದ ಮರಳಿಯೂ ನಿದ್ರೆ ಬಾರದೆ, ಪಟಾಕಿಯ ಸದ್ದಿಗೆ ಬೆಚ್ಚಿ, ಜಗಲಿಯಲ್ಲಿ ಕುಳಿತು ಸಿಗರೇಟಿನ ಮೇಲೆ ಸಿಗರೇಟು ಸೇದುವ ಪಿಂಚಣಿದಾರನ ಪ್ರಸ್ತಾಪ ಬಂದರೆ, ‘ದಂಡಿನಲ್ಲಿ ಕಲಿತ ಚಟ’ವೆಂದು ನಕ್ಕು ಸುಮ್ಮನಾಗುವೆವು. ಯುದ್ಧದ ಆಘಾತಕ್ಕೆ ಸಿಕ್ಕಿದವರು ಇತರರಿಗಿಂತ ಹೆಚ್ಚಾಗಿ ಸೇದುವರೆಂದೂ, ಅವರಿಗೆ ಬಿಡುವುದು ಹೆಚ್ಚು ಕಷ್ಟವೆಂದೂ ವೈದ್ಯರು ಬಲ್ಲರು. ಚಟ ಹತ್ತಿಸುವುದರಲ್ಲಿ ದಂಡುಗಳ ಪಾಲೂ ಇಲ್ಲದಿಲ್ಲ. ಅಮೇರಿಕದ ಸೇನೆಯು 1975ರ ವರೆಗೂ ಪಡಿಯೊಡನೆ ಸಿಗರೇಟನ್ನು ಹಂಚುತ್ತಿತ್ತು.

ಅದೇ ದೇಶದ ಔಷಧ ನಿಯಂತ್ರಣಾಧಿಕಾರಿಗಳು 2020ರಲ್ಲಿ ಧೂಮಪಾನ ಬಿಡಿಸುವ ಒಂದು ಯಂತ್ರಕ್ಕೆ ಸಮ್ಮತಿಯಿತ್ತರು. ತಲೆಗೆ ಶಿರಸ್ತ್ರಾಣದಂತಹ ಸುರುಳಿಯನ್ನಿಟ್ಟು, ಕಾಂತಶಕ್ತಿಯ ಮಿಡಿತಗಳಿಂದ ಮಿದುಳಿನ ಕೆಲವು ಭಾಗಗಳನ್ನು ಪ್ರಚೋದಿಸುವುದು ಇದರ ಕ್ರಮ. ಕೊಯ್ತವಿಲ್ಲ, ಮತ್ತು ಬರಿಸುವುದಿಲ್ಲ. ಕಿವಿಯ ಮೇಲ್ಭಾಗದ ಒಳಗೆ ಅಡಗಿರುವ ‘ಇನ್ಸುಲಾ’ ಎಂಬ ಭಾಗಕ್ಕೆ ಪೆಟ್ಟುಬಿದ್ದ ಕೆಲವರು ಆಸೆಯೇ ಹುಟ್ಟದೆ ಸಿಗರೇಟನ್ನು ಬಿಟ್ಟರೆಂದು 2007ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದರು. 262 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ನಿಜವಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 19 ಮಂದಿಯೂ, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಸುಮಾರು 9 ಮಂದಿಯೂ ಬಿಡಲು ಶಕ್ತರಾದರು. ಉಳಿದ ಎಂಬತ್ತು ಮಂದಿಯ ವಿಷಯವನ್ನು ಯಂತ್ರ ಮಾರುವವರು ಅಷ್ಟು ಗಟ್ಟಿಯಾಗಿ ಹೇಳಲಾರರು. ಆ ಪರೀಕ್ಷೆಯು ಸೈನಿಕರಿಗಾಗಿಯೇ ಏರ್ಪಟ್ಟುದೂ ಅಲ್ಲ. ತಲೆಯಲ್ಲಿ ಗುಂಡಿನ ಚೂರು ಉಳಿದವರಿಗೆ ಈ ಚಿಕಿತ್ಸೆ ಸಲ್ಲದು, ಮೂರ್ಛೆರೋಗವುಳ್ಳವರಿಗೆ ಅಪಾಯಕರ.

ಮೊದಲ ಮೂರು ವಾರ ದಿನಂಪ್ರತಿ, ಬಳಿಕ ಮೂರು ವಾರ ವಾರಕ್ಕೊಮ್ಮೆ ಈ ಚಿಕಿತ್ಸೆ ನಡೆಯತಕ್ಕದ್ದು. ಇಂತಹ ಯಂತ್ರಗಳಿರುವ ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನಲ್ಲಿದೆ. ರೈಲು ಕಾಣದ ಈ ಜಿಲ್ಲೆಯ ಎಪ್ಪತ್ತರ ಮುದುಕನೊಬ್ಬನು ಅಲ್ಲಿಗೆ ಹೋಗಿ ಯಾರ ಮನೆಯಲ್ಲಿ ತಂಗಬೇಕು? ಕಾಫಿ ಕೊಯ್ಲಿನ ಕಾಲದಲ್ಲಿ ಸಂಗಡ ಹೋಗುವವರಾರು?

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಯಂತ್ರಕ್ಕಾಗಿ ಅಲ್ಲ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸಾಲಯವೂ ಇದೆ. ಅಲ್ಲಿಗೆ ರಕ್ತದೊತ್ತಡದ ಮಾತ್ರೆಗೆಂದು ಬರುವ ಪ್ರತಿಯೊಬ್ಬನನ್ನೂ ‘ನಿದ್ರೆ ಬರುತ್ತದೆಯೇ? ದಿನಕ್ಕೆ ಎಷ್ಟು ಸೇದುತ್ತೀರಿ?’ ಎಂದು ಏಕಾಂತದಲ್ಲಿ ವಿಚಾರಿಸಲಿ. ಆಘಾತಕ್ಕೂ ಚಟಕ್ಕೂ ಒಂದೇ ಕೊಠಡಿಯಲ್ಲಿ, ಒಂದೇ ದಿನ ಉಪಚಾರ ದೊರೆಯಲಿ. 1800-11-2356 ಎಂಬ ಉಚಿತ ದೂರವಾಣಿಯ ಮೂಲಕ ತಂಬಾಕು ಬಿಡಲು ಸಲಹೆ ದೊರೆಯುವುದೆಂಬುದನ್ನು ಪ್ರತಿ ಸೈನಿಕ ಕ್ಯಾಂಟೀನಿನ ಗೋಡೆಯ ಮೇಲೂ ಬರೆಯಿಸಲಿ.