ವಿಶ್ವಾಸ ಪ್ರಮಾಣ: ನಾವು ಕೊಟ್ಟ ಮಾತು

ರವಿವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದೊಡನೆ ನಾವೆಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಉಚ್ಚರಿಸುತ್ತೇವೆ. ಬಾಯಿಪಾಠವಾದ ಮಾತು, ಆದುದರಿಂದಲೇ ಬೇಗ ಮುಗಿದುಹೋಗುತ್ತದೆ. ನಾಲಗೆ ಮುಂದೆ ಓಡುತ್ತದೆ, ಮನಸ್ಸು ಹಿಂದೆ ಉಳಿಯುತ್ತದೆ. ಪೀಠದ ಬಳಿ ನಿಂತ ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಇದೇ ಕೆಲವು ವಾಕ್ಯಗಳಿಗಾಗಿ ಹಿಂದಿನವರು ಗಡೀಪಾರಾದರೆಂಬುದನ್ನು ನೆನೆದಾಗ ಮಾತ್ರ ನಮ್ಮ ಅವಸರ ನಮಗೇ ನಾಚಿಕೆ ತರುತ್ತದೆ.

ವಿಶ್ವಾಸ ಪ್ರಮಾಣ ಹುಟ್ಟಿದ್ದು ಪಂಡಿತರ ಗ್ರಂಥಗಳಲ್ಲಲ್ಲ, ದೀಕ್ಷಾಸ್ನಾನದ ನೀರಿನಲ್ಲಿ. ಆದಿ ಧರ್ಮಸಭೆಯಲ್ಲಿ ದೀಕ್ಷಾರ್ಥಿಗೆ ಪಿತ, ಸುತ, ಪವಿತ್ರಾತ್ಮರನ್ನು ಕುರಿತು ಪ್ರಶ್ನೆ ಕೇಳಲಾಗುತ್ತಿತ್ತು. ಆತ 'ನಂಬುತ್ತೇನೆ' ಎಂದು ಉತ್ತರಿಸುತ್ತಿದ್ದ. ರೋಮಿನ ಸಭೆಯ ಇಂಥ ಚಿಕ್ಕ ನಿವೇದನೆಯೇ ಬೆಳೆದು ಪ್ರೇಷಿತರ ವಿಶ್ವಾಸ ಪ್ರಮಾಣವಾಯಿತು. ಹನ್ನೆರಡು ಪ್ರೇಷಿತರು ಒಂದೊಂದು ವಾಕ್ಯ ಹೇಳಿದರೆಂಬುದು ಭಕ್ತಿಯ ಕಥೆ. ಇಂದಿನ ಪಾಠವು ಪೂರ್ಣರೂಪ ಪಡೆದದ್ದು ಸುಮಾರು 8ನೆಯ ಶತಮಾನದಲ್ಲಿ. ಗ್ರೀಕರು ಇದನ್ನು 'ಸಿಂಬೊಲೊನ್' ಎಂದು ಕರೆದರು. ಒಂದು ಬಿಲ್ಲೆಯನ್ನು ಮುರಿದು ಇಬ್ಬರು ಅರ್ಧರ್ಧ ಇಟ್ಟುಕೊಂಡು, ಮುಂದೆ ಕೂಡಿದಾಗ ಅಂಚಿಗೆ ಅಂಚು ಹೊಂದಿಸಿ ಪರಸ್ಪರ ಗುರುತಿಸುವ ಕುರುಹಿಗೆ ಆ ಹೆಸರು. ದೀಕ್ಷಾರ್ಥಿಗಳು ಅದನ್ನು ಬರೆದಿಟ್ಟುಕೊಳ್ಳದೆ, ಕೇಳಿ ಕಲಿತು ಎದೆಯಲ್ಲಿ ಇಟ್ಟುಕೊಳ್ಳಬೇಕಾಗಿತ್ತು.

ಬಸವನ ಬಾಗೇವಾಡಿಯ ನೆಲದಲ್ಲಿ ಬಾಳುವ ನಮಗೆ ಇದು ಹೊಸತಲ್ಲ. ಅಕ್ಷರ ಅರಿಯದ ಹಿರಿಯರ ನಾಲಗೆಯ ಮೇಲೆ ಇಲ್ಲಿ ವಚನಗಳು ಉಳಿದುಬಂದಿವೆ. 'ವಚನ' ಎಂದರೆ ಆಡಿದ ಮಾತು. ಕೊಟ್ಟ ಮಾತೂ ಹೌದು. ವಿಶ್ವಾಸ ಪ್ರಮಾಣಕ್ಕೂ ಈ ಎರಡು ಅರ್ಥಗಳು ಸಲ್ಲುತ್ತವೆ. 'ಮಳೆ ಬರುತ್ತದೆಂದು ನಂಬಿದ್ದೇನೆ' ಎನ್ನುವುದು ಬೇರೆ, 'ನಿನ್ನನ್ನು ನಂಬಿದ್ದೇನೆ' ಎನ್ನುವುದು ಬೇರೆ. ಮೊದಲನೆಯದು ಅಭಿಪ್ರಾಯ, ಎರಡನೆಯದು ಒಪ್ಪಿಸಿಕೊಳ್ಳುವಿಕೆ. ವಿಶ್ವಾಸ ಪ್ರಮಾಣವು ಎರಡನೆಯ ಬಗೆಯದು.

ಹಾಗಾದರೆ ವಾದವಿವಾದ ಏಕೆ ಬಂದಿತು? 4ನೆಯ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಗುರು ಆರಿಯುಸನು, ದೇವಪುತ್ರನು ಸೃಷ್ಟಿಗಳಲ್ಲಿ ಶ್ರೇಷ್ಠನೇ ಹೊರತು ಪಿತನಿಗೆ ಸಮಾನನಲ್ಲವೆಂದು ಬೋಧಿಸಿದನು. ಚಕ್ರವರ್ತಿ ಕಾನ್‌ಸ್ಟಂಟೈನನು 325ರಲ್ಲಿ ನಿಸೇಯ ನಗರದಲ್ಲಿ ಧರ್ಮಾಧ್ಯಕ್ಷರ ಮಹಾಸಭೆಯನ್ನು ಕರೆದನು. ಸಂಪ್ರದಾಯವು ಅವರ ಸಂಖ್ಯೆಯನ್ನು 318 ಎನ್ನುತ್ತದೆ. ಪುತ್ರನು ಪಿತನೊಂದಿಗೆ 'ಏಕಸತ್ವನು' ಎಂದು ಆ ಸಭೆ ಸಾರಿತು. ಪವಿತ್ರ ಗ್ರಂಥದಲ್ಲಿಲ್ಲದ, ತತ್ತ್ವಶಾಸ್ತ್ರದಿಂದ ಬಂದ ಈ ಪದದ ಬಗ್ಗೆ ಸಭೆಯಲ್ಲಿದ್ದ ಹಲವರಿಗೇ ಅಳುಕಿತ್ತು. ಆದರೂ ಗ್ರಂಥದ ಅರ್ಥವನ್ನು ಕಾಯಲು ಅದೇ ಬೇಕಾಯಿತು.

ಒಂದು ಪದಕ್ಕಾಗಿ ಇಷ್ಟೊಂದು ಹೋರಾಟವೇ ಎಂದು ಕೇಳುವವರಿದ್ದಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಸೀಮೆಯ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ನೆನೆಯೋಣ. ಮುಳುಗುವ ಊರಿಗೆ ಯಜಮಾನನು ಆಳಿನ ಕೈಯಲ್ಲಿ ಓಲೆ ಕಳುಹಿಸುವುದು ಒಂದು; ತಾನೇ ನೀರಿಗಿಳಿದು ಬರುವುದು ಇನ್ನೊಂದು. ಆರಿಯುಸನ ಮಾತು ನಿಜವಾಗಿದ್ದರೆ ಶಿಲುಬೆಯ ಮೇಲೆ ನೊಂದವನು ಒಬ್ಬ ದೂತ ಮಾತ್ರ. ದೇವರು ದೂರದಲ್ಲೇ ಉಳಿದನು. ನೀರಿಗಿಳಿದವನು ದೇವರೇ ಎಂಬುದು ನಿಸೇಯದ ಸಾಕ್ಷ್ಯ. ಆ ಒಂದು ಪದದಲ್ಲಿ ಬಡವನ ಭರವಸೆ ಅಡಗಿದೆ.

ಮಹಾಸಭೆ ಮುಗಿದರೂ ಹೋರಾಟ ಮುಗಿಯಲಿಲ್ಲ. ಅಲೆಕ್ಸಾಂದ್ರಿಯದ ಧರ್ಮಾಧ್ಯಕ್ಷ ಸಂತ ಅಥನಾಸಿಯುಸರು ಈ ವಿಶ್ವಾಸಕ್ಕಾಗಿ ಐದು ಬಾರಿ ಗಡೀಪಾರಾಗಿ ಸುಮಾರು 17 ವರ್ಷ ತಮ್ಮ ಪೀಠದಿಂದ ದೂರವಿದ್ದರು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯು ಪವಿತ್ರಾತ್ಮರನ್ನು ಕುರಿತ ವಿಶ್ವಾಸವನ್ನು ದೃಢಪಡಿಸಿತು. ಬಲಿಪೂಜೆಯಲ್ಲಿ ನಾವು ಹೇಳುವ ದೊಡ್ಡ ಪಾಠಕ್ಕೆ ಈ ಎರಡು ಸಭೆಗಳ ಹೆಸರಿದೆ. ಮುಂದೆ ಪಾಶ್ಚಾತ್ಯರು, ಪವಿತ್ರಾತ್ಮರು ಸುತನಿಂದಲೂ ಹೊರಡುತ್ತಾರೆಂಬ ಮಾತನ್ನು ಸೇರಿಸಿದರು. 1014ರಲ್ಲಿ ರೋಮಿನ ಪೂಜೆಯಲ್ಲೂ ಅದು ನೆಲೆಗೊಂಡಿತು. ಪೂರ್ವ ಪಶ್ಚಿಮ ಸಭೆಗಳ ಒಡಕಿಗೆ ಅದೂ ಒಂದು ಕಾರಣ. 1530ರಲ್ಲಿ ಲೂಥರನ ಕಡೆಯವರು ಆಗ್ಸ್‌ಬರ್ಗ್ ನಿವೇದನೆಯನ್ನು ಮುಂದಿಟ್ಟರು. ಟ್ರೆಂಟ್ ಮಹಾಸಭೆಯ ಬಳಿಕ 1564ರಲ್ಲಿ ಜಗದ್ಗುರು ನಾಲ್ಕನೆಯ ಪಿಯುಸರು ಕಥೋಲಿಕರ ನಿವೇದನೆಯನ್ನು ಹೊರಡಿಸಿದರು. ಗುರುತಿನ ಬಿಲ್ಲೆಯೇ ಬೇಲಿಯ ಗೂಟವಾಯಿತು.

ನಮ್ಮ ನಾಡಿಗೆ ಈ ವಿಶ್ವಾಸ ಗೋವೆಯ ದಾರಿಯಿಂದಲೂ ಬಂದಿತು. ಮುದ್ದೇಬಿಹಾಳದಾಚೆ, ಕೃಷ್ಣೆಯ ಆ ದಡದ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯವಿದೆ. 1622ರಲ್ಲಿ ಗೋವೆಯ ರಾಚೋಲಿನಲ್ಲಿ ಯೇಸುಸಭೆಯ ಥಾಮಸ್ ಸ್ಟೀಫನ್ಸರ ಕೊಂಕಣಿ ಧರ್ಮೋಪದೇಶ ಅಚ್ಚಾಯಿತು. ಅದೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಲಿಯೊನಾರ್ದೊ ಚಿನ್ನಮಿಯವರು ಕನ್ನಡದಲ್ಲಿ ಧರ್ಮೋಪದೇಶ ಬರೆದರು. 19ನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಪ್ರಾಟೆಸ್ಟಂಟ್ ಸಭೆಗಳನ್ನು ನೆಟ್ಟರು. 1947ರಲ್ಲಿ ಕೂಡಿಬಂದ ದಕ್ಷಿಣ ಭಾರತ ಸಭೆಯು ಸ್ವೀಕರಿಸಿದ ವಿಶ್ವಾಸ ಪ್ರಮಾಣಗಳು ನಮ್ಮವೇ ಎರಡು: ಪ್ರೇಷಿತರದು ಮತ್ತು ನಿಸೇಯದ್ದು. ನಿಸೇಯಕ್ಕೆ 1700 ವರ್ಷ ತುಂಬಿದ 2025ರ ನವೆಂಬರಿನಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋ ಹಾಗೂ ಪೌರಸ್ತ್ಯ ಸಭೆಯ ಪಿತಾಮಹ ಬಾರ್ಥೊಲೊಮಿಯೊ ಅವರು ಟರ್ಕಿಯ ಇಜ್ನಿಕ್‌ನಲ್ಲಿ, ಎಂದರೆ ಹಿಂದಿನ ನಿಸೇಯದಲ್ಲಿ, ಜೊತೆಗೂಡಿ ಪ್ರಾರ್ಥಿಸಿದರು. ಮುರಿದ ಅಂಚುಗಳು ಮತ್ತೆ ಒಂದನ್ನೊಂದು ಹುಡುಕುತ್ತಿವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲತೀನ್ ಪೂಜೆಯ ಪಾಠ ಆರಂಭವಾಗುವುದು 'ನಂಬುತ್ತೇನೆ' ಎಂಬ ಏಕವಚನದಿಂದ. ನಿಸೇಯದ ಪಿತೃಗಳು ಹೇಳಿದ್ದು 'ನಂಬುತ್ತೇವೆ' ಎಂದು. ಎರಡೂ ಬೇಕು. ನನ್ನ ಪರವಾಗಿ ಇನ್ನೊಬ್ಬರು ನಂಬಲಾರರು. ನಾನೊಬ್ಬನೇ ನಂಬಿ ಧರ್ಮಸಭೆ ಆಗದು. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ರೈಸ್ತರು ಬೆರಳೆಣಿಕೆಯವರು. ಆ ಕೆಲವರೊಳಗೂ ಊರಿನ ಕೇರಿಗಳನ್ನು ದೇವಾಲಯದೊಳಕ್ಕೆ ಹೊತ್ತುತಂದು ಬೇರೆ ಬೇರೆ ಕೂಡುವುದಾದರೆ, 'ನಂಬುತ್ತೇವೆ' ಎಂಬ ಮಾತು ಸುಳ್ಳಾಗುತ್ತದೆ. ದುಡಿಮೆಗಾಗಿ ಗುಳೆ ಹೋದ ಮನೆಯವರನ್ನು ಮರೆತರೂ ಅದು ಅಪೂರ್ಣವೇ. ಆರಿಯುಸನನ್ನು ಖಂಡಿಸುವುದು ಸುಲಭ. ಪಕ್ಕದವರಿಗೆ ಸರಿದು ಸ್ಥಳ ಮಾಡಿಕೊಡುವುದು ಕಷ್ಟ.

ಬರುವ ರವಿವಾರ ವಿಶ್ವಾಸ ಪ್ರಮಾಣಕ್ಕೆ ಎದ್ದು ನಿಂತಾಗ ಒಂದಿಷ್ಟು ನಿಧಾನಿಸೋಣ. ಬಲಕ್ಕೆ ಯಾರಿದ್ದಾರೆ, ಎಡಕ್ಕೆ ಯಾರಿಲ್ಲ ಎಂದು ನೋಡೋಣ. ಆಮೇಲೆ ಬಾಯಿ ತೆರೆಯೋಣ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಕೃಪೆಯನ್ನು, ನೀರಿಗಿಳಿದು ಬಂದ ಪ್ರಭುವು ನಮಗೆಲ್ಲರಿಗೂ ದಯಪಾಲಿಸಲಿ.