ಗೋಡೆಯ ಮೇಲೆ ಬಾವಿಯ ಲೆಕ್ಕ

ಆಂಧ್ರಪ್ರದೇಶದ ಮಡಕಶಿರಾ ಬಿಟ್ಟು ಗುಡಿಬಂಡೆಯ ದಾರಿ ಹಿಡಿದರೆ ಎಲ್ಲಕ್ಕೂ ಮೊದಲು ಎದುರಾಗುವುದು ಕಲ್ಲು. ಬೆಳಗಿನ ಬಿಸಿಲಿಗೆ ಕೆಂಪೇರುವ ಗುಂಡುಗಳು, ಅವುಗಳ ಸಂದಿಯಲ್ಲಿ ತಂಗಡಿ, ಬಂದರೆ ಗಿಡಗಳು, ಇಳುಕಲಿನಲ್ಲಿ ರಾಗಿ, ಕಡಲೆಕಾಯಿ, ತಗ್ಗಿನಲ್ಲಿ ಕೆರೆ. ಏರಿಯ ಕೆಳಗೆ ಅಲ್ಲಲ್ಲಿ ಅಡಿಕೆ, ಹಿಪ್ಪುನೇರಳೆ. ರಸ್ತೆಯ ಎರಡೂ ಬದಿ ಹಳೆಯ ಹುಣಸೆಮರಗಳು. ಬಸ್ಸಿನ ಮೇಲೆ ಊರ ಹೆಸರು ತೆಲುಗಿನಲ್ಲಿದೆ, ಬಸ್ಸಿನೊಳಗೆ ಹರಟೆ ಕನ್ನಡದಲ್ಲಿದೆ. 2022ರ ಏಪ್ರಿಲ್‌ನಲ್ಲಿ ಈ ಸೀಮೆ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇನ್ನೊಂದು ತುದಿಯ ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಯಾವುದಾದರೂ ಎರಡೂ ಕಡೆಯವರು ನೋಡುವ ಮೋಡ ಒಂದೇ, ಹೆಚ್ಚಿನ ಸಲ ನಿಲ್ಲದೆ ಹೋಗುವ ಮೋಡ.

ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಪಶ್ಚಿಮ ಘಟ್ಟದ ನೆರಳಿನಲ್ಲಿರುವ ಈ ನೆಲಕ್ಕೆ ಮುಂಗಾರು ಬಂದು ಮುಟ್ಟುವಷ್ಟರಲ್ಲಿ ಬಸವಳಿದಿರುತ್ತದೆ. ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆಗಳ ಕಾಲದಲ್ಲಿ, ಕೆಲವೇ ದಿನ ಜೋರಾಗಿ ಸುರಿಯುತ್ತದೆ. ಅಂಥ ಸಂಜೆ ಗುಂಡುಗಳ ಮೇಲಿಂದ ಕೆಂಪು ನೀರು ಹಳ್ಳಕ್ಕೆ ಧುಮುಕುವುದನ್ನು ನೋಡಬೇಕು. ಬದುವಿದ್ದ ಹೊಲದಲ್ಲಿ ಅದು ತಂಗುತ್ತದೆ; ಬದು ಒಡೆದ ಹೊಲದಲ್ಲಿ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಒಂದೇ ಹದ ಮಳೆ, ಒಂದೇ ಎಕರೆ.

ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು. ಪಕ್ಕದ ಗೌರಿಬಿದನೂರು ಸೀಮೆಯ 1388ರ ಶಾಸನ, ಹೆನ್ನೆ, ಅಂದರೆ ಪೆನ್ನೆ ನದಿಯನ್ನು ಪೆನುಗೊಂಡೆಗೆ ತರಬೇಕೆಂದು ಯುವರಾಜ ಪ್ರತಾಪ ಬುಕ್ಕರಾಯ ಜಲಸೂತ್ರದ ಸಿಂಗಾಯ ಭಟ್ಟನಿಗೆ ಅಪ್ಪಣೆ ಕೊಟ್ಟದ್ದನ್ನೂ, ಆತ ಸಿರುವೆರೆ ಕೆರೆಯವರೆಗೆ ಕಾಲುವೆ ತಂದದ್ದನ್ನೂ ಹೇಳುತ್ತದೆ. ಕೆರೆಗೆ ತೂಬು, ಕೋಡಿ, ತೂಬಿಗೆ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಆತ ನಿಂತು ನೋಡುತ್ತಿದ್ದ, ಊರೂ ನೋಡುತ್ತಿತ್ತು. ಕೆರೆಯ ನೀರು ಎಲ್ಲರ ಕಣ್ಣಿಗೂ ಬೀಳುವ ನೀರು.

ಕೊಳವೆಬಾವಿಯ ನೀರು ಹಾಗಲ್ಲ. ಅಡಿಯಲ್ಲಿರುವುದು ಗಟ್ಟಿ ಶಿಲೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಬಿದ್ದ ಮಳೆಯ ಹತ್ತರಲ್ಲೊಂದು ಪಾಲು ಇಂಗಿದರೆ ಹೆಚ್ಚು. ಒಬ್ಬನ ಹೊಲದ ಮೋಟರು ಮೇಲೆತ್ತುವುದು ಪಕ್ಕದವನ ಬಿರುಕಿನ ನೀರೂ ಹೌದು. ಅದು ಕಾಣುವುದಿಲ್ಲವಾದ್ದರಿಂದ ಒಬ್ಬ ಇನ್ನೂರು ಅಡಿ ಹೋದರೆ ಇನ್ನೊಬ್ಬ ನಾನೂರು, ಮತ್ತೊಬ್ಬ ಸಾಲ ಮಾಡಿ ಎಂಟುನೂರು ಅಡಿ ಕೊರೆಸುತ್ತಾನೆ. ಈ ಸೀಮೆಯ ಸಾಲದ ಕಥೆಗಳಲ್ಲಿ ಎಷ್ಟೋ ಹುಟ್ಟಿರುವುದು ಕೇಸಿಂಗ್ ಪೈಪಿನ ಪಕ್ಕದಲ್ಲಿ ರಾಶಿಬಿದ್ದ ಒಣ ಕಲ್ಲುಪುಡಿಯಲ್ಲಿ. ಅದನ್ನು ಮುಟ್ಟಿ ನೋಡುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾಣದ ಆ ನೀರನ್ನು ಕಾಣುವಂತೆ ಮಾಡಿದ್ದು ರೈತರೇ. 2003ರಿಂದ 2009ರವರೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ, ಆಂಧ್ರಪ್ರದೇಶದ ರೈತರೇ ನಿರ್ವಹಿಸುವ ಅಂತರ್ಜಲ ಯೋಜನೆಯೊಂದು ಅನಂತಪುರವೂ ಸೇರಿ ಏಳು ಜಿಲ್ಲೆಗಳ 638 ಹಳ್ಳಿಗಳಲ್ಲಿ ನಡೆಯಿತು. ಬೋರ್ ಕೊರೆಸಿಕೊಡುವುದು ಅದರ ಕೆಲಸವಲ್ಲ, ಕೊರೆಯಬೇಡಿ ಎಂದು ತಡೆಯುವುದೂ ಅಲ್ಲ. ಅದು ಕಲಿಸಿದ್ದು ಅಳೆಯುವುದನ್ನು.

ಆ ಹಳ್ಳಿಗಳ ಒಂದು ಬೆಳಗನ್ನು ಕಣ್ಣಮುಂದೆ ತಂದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಸ್ವಯಂಸೇವಕರಾದ ಒಬ್ಬ ರೈತ, ಒಬ್ಬ ರೈತ ಮಹಿಳೆ ಬಾವಿಯ ಬಳಿ ಬರುತ್ತಾರೆ. ಸಂಬಳವಿಲ್ಲ. ರಾಟೆಗೆ ಸುತ್ತಿದ ಟೇಪನ್ನು ಕೊಳವೆಯೊಳಗೆ ಇಳಿಬಿಡುತ್ತಾರೆ. ತುದಿ ನೀರು ಮುಟ್ಟಿದೊಡನೆ ಪೆಟ್ಟಿಗೆ ಕುಯ್‌ ಎನ್ನುತ್ತದೆ. ಸುತ್ತ ನಿಂತ ಮಕ್ಕಳು ಆ ಸದ್ದಿಗೇ ಕಾದಿದ್ದವರು. “ಎಷ್ಟಕ್ಕೆ ಇಳಿದೈತೆ ಅಕ್ಕಾ?” ಎಂದು ದಾರಿಹೋಕರು ಕೇಳುತ್ತಾರೆ. ಆಕೆ ಪುಸ್ತಕದಲ್ಲಿ ಗುರುತು ಹಾಕಿಕೊಂಡೇ ಹೇಳುತ್ತಾಳೆ. ಮೋಟರಿನ ನೀರು ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನೋಡುತ್ತಾರೆ. ಮಳೆಮಾಪಕದ ಅಂಕಿಯೂ ಸೇರುತ್ತದೆ. ಸಂಜೆಗೆ ಇವೆಲ್ಲ ಊರ ನಡುವಿನ ಗೋಡೆಯ ಮೇಲೆ, ಓದು ಬಾರದವರೂ ಬಣ್ಣದ ಪಟ್ಟಿ ನೋಡಿ ತಿಳಿಯುವ ಹಾಗೆ ಮೂಡುತ್ತವೆ.

ಮುಂಗಾರು ಮುಗಿದ ಮೇಲೆ ದೊಡ್ಡ ಸಭೆ. ಜಮಖಾನೆ, ಚಾಪೆ, ಮರದ ನೆರಳು. ನೆಲದ ಮೇಲೆ ಊರ ನಕ್ಷೆ. ಬಿದ್ದ ಮಳೆ ಇಷ್ಟು, ಇಂಗಿದ್ದು ಇಷ್ಟು, ಹಿಂಗಾರಿಗೆ ಹಾಕಬೇಕೆಂದಿರುವ ಬೆಳೆಗಳಿಗೆ ಬೇಕಾದ್ದು ಇಷ್ಟು ಎಂದು ಕೂಡಿ ಕಳೆಯುತ್ತಾರೆ. ಕಳೆದಾಗ ಶೇಷ ಋಣವಾಗಿ ಬಂದರೆ ಸಭೆಯಲ್ಲಿ ಗುಸುಗುಸು. ಭತ್ತದ ಗದ್ದೆಗೆ ಸಾವಿರ ಮಿಲಿಮೀಟರಿಗೂ ಹೆಚ್ಚು ನೀರು ಬೇಕು. ರಾಗಿಗೆ ಅದರ ಅರ್ಧವೂ ಬೇಡ. ಇಂತಿಂಥ ಬೆಳೆ ಹಾಕಬೇಡಿ ಎಂದು ಯಾರೂ ಹೇಳುವುದಿಲ್ಲ. ದಂಡವಿಲ್ಲ, ಠರಾವಿಲ್ಲ. ಹೊಲಕ್ಕೆ ಹೋದವನು ತಾನೇ ಯೋಚಿಸುತ್ತಾನೆ. 2010ರಲ್ಲಿ ಭಾರತದ ಅಂತರ್ಜಲದ ಬಗ್ಗೆ ಬಂದ ವಿಶ್ವ ಬ್ಯಾಂಕಿನ ವರದಿ ಈ ಪ್ರಯೋಗವನ್ನು ವಿಸ್ತಾರವಾಗಿ ಪರಿಶೀಲಿಸಿ, ಹಲವು ಕಡೆ ನೀರೆತ್ತುವುದು ತಗ್ಗಿದ್ದನ್ನು ಗುರುತಿಸಿತು. ರೈತನ ಕೈಯಲ್ಲಿ ಲೆಕ್ಕ ಕೊಟ್ಟರೆ ಅವನು ಬುದ್ಧಿವಂತಿಕೆಯಿಂದಲೇ ನಡೆಯುತ್ತಾನೆ ಎಂದು ನಾನು ನಂಬುವುದು ಇದನ್ನು ನೋಡಿಯೇ.

ಇದೇ ನಾಡಿನ ಇನ್ನೊಂದು ತುದಿ, ರಾಯದುರ್ಗದ ಆಚೆ, ನೀರು ನಿಂತುಹೋದರೆ ಏನಾಗುತ್ತದೆಂದು ತೋರಿಸುತ್ತದೆ. ಕಣೇಕಲ್ಲು, ಬೊಮ್ಮನಹಾಳು ಕಡೆ ವೇದಾವತಿ, ಅಂದರೆ ಹಗರಿ, ಅಗಲವಾದ ಪಾತ್ರದಲ್ಲಿ ಹರಿಯುತ್ತಾಳೆ, ಹರಿಯುತ್ತಿದ್ದಳು. ಬತ್ತಿದ ಪಾತ್ರದ ಮರಳನ್ನು ಆಷಾಢದ ಗಾಳಿ ಎತ್ತಿ ಹೊಲಗಳ ಮೇಲೆ ಸುರಿಯುತ್ತದೆ. ಬೇಲಿಯ ಕಳ್ಳಿ ಅರ್ಧ ಹೂತಿದೆ, ದಿಬ್ಬಗಳು ಸಾಲುಸಾಲು. ಕಡಲಿಲ್ಲದ ಕಡಲತೀರ. ಮರಳು ಕದಲದಂತೆ ಅಲ್ಲಿ ಮರ ನೆಟ್ಟವರಿದ್ದಾರೆ, ಮರುವರ್ಷ ಹೋಗಿ ನೀರೆರೆದವರಿದ್ದಾರೆ. ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ಗ್ರಾಮೀಣ ಅಭಿವೃದ್ಧಿ ಟ್ರಸ್ಟು ಮೊದಲುಗೊಂಡು ಎಷ್ಟೋ ಸಂಸ್ಥೆಗಳು ಈ ಜಿಲ್ಲೆಯಲ್ಲಿ ಬದು, ಚೆಕ್‌ಡ್ಯಾಂ, ಗಿಡ ಎಂದು ದುಡಿದಿವೆ. 2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ಯೋಜನೆ ಶುರುವಾದದ್ದೂ ಇದೇ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಕಂದಕ ತೋಡುವ ಕೈಗೆ ಕೂಲಿ ಸಿಕ್ಕಿತು. ಯಾವ ಇಳುಕಲಿನಲ್ಲಿ ತೋಡಬೇಕೆಂದು ನಿರ್ಧರಿಸುವ ಮಾತು ಮಾತ್ರ ಎಲ್ಲ ಕಡೆ ಆ ಕೈಗೆ ಸಿಗಲಿಲ್ಲ.

ನಿಜವಾದ ಕಡಲತೀರವೂ ಈ ಲೆಕ್ಕದೊಳಗೆ ಬರುತ್ತದೆ. ಜಯಮಂಗಲಿ ನದಿ ಹಿಂದೂಪುರದ ಪರಿಗಿಯ ಬಳಿ ಪೆನ್ನೆಯನ್ನು ಕೂಡುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿದ ಪೆನ್ನೆ ಸುಮಾರು 600 ಕಿಲೋಮೀಟರ್ ನಡೆದು ನೆಲ್ಲೂರಿನ ಊಟುಕೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಹಗರಿ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ. ನಮ್ಮ ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ಕು ದೊಡ್ಡ ಮಳೆಯಲ್ಲಿ ಹಿಡಿಯುವ ದಾರಿ ಅದೇ. ನದಿಯ ಮರಳನ್ನು ಲಾರಿಗೆ ತುಂಬಿದಷ್ಟೂ ಕಡಲದಂಡೆಗೆ ಸೇರಬೇಕಾದ ಮರಳು ಕಡಿಮೆ.

ಆದ್ದರಿಂದ ಗುಡಿಬಂಡೆಯ ಕನ್ನಡ ಶಾಲೆಗಳ ಬಗ್ಗೆ ನನಗೊಂದು ಆಸೆ. ಪ್ರತಿ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ಹತ್ತಿರದ ಒಂದು ಬಾವಿಗೆ ಒಂದು ಟೇಪು, ಒಂದು ಗೋಡೆ, ಒಂದು ಡಬ್ಬಿ ಬಣ್ಣ. ಏಳನೇ ತರಗತಿಯವರು ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆಯಲಿ. ಹದಿನೈದು ದಿನಕ್ಕೊಮ್ಮೆ ಮೇಷ್ಟ್ರ ಜೊತೆ ಬಾವಿಗೆ ಹೋಗಲಿ. ಅಕ್ಟೋಬರಿನಲ್ಲಿ ಪಂಚಾಯಿತಿಯವರು, ನೀರುಗಂಟಿಯ ಮನೆಯವರು, ಬೋರ್ ಇರುವವರು, ಇಲ್ಲದವರು ಆ ಗೋಡೆಯ ಮುಂದೆ ಕೂರಲಿ. ಆ ವರ್ಷದ ಹಿಂಗಾರಿಗೆ ಎಷ್ಟು ಎಕರೆ ಭತ್ತ, ಎಷ್ಟು ಎಕರೆ ರಾಗಿ ಎಂಬ ಮಾತು ಅಲ್ಲಿ, ಮಕ್ಕಳು ಬರೆದ ಅಂಕಿಗಳನ್ನು ಓದಿಕೊಂಡು, ಶುರುವಾಗಲಿ.