ಆರು ಚೌಕದಲ್ಲಿ ಒಂದು ಮಳೆ

ಐರ್ಲೆಂಡಿನ ಕಾರ್ಕ್ ನಗರದ ಉಪನಗರವಾದ ಡಗ್ಲಸ್‌ನಲ್ಲಿ ಬಟ್ಟೆ ಒಣಹಾಕುವುದೆಂದರೆ ಜೂಜಾಡಿದ ಹಾಗೆ. ಎಳೆಬಿಸಿಲನ್ನು ನಂಬಿ ಹಿತ್ತಿಲ ಹಗ್ಗಕ್ಕೆ ಬಟ್ಟೆ ಹರವಿ, ಒಳಗೆ ಬಂದು ಕಾಫಿ ಸೋಸುವಷ್ಟರಲ್ಲಿ ಹನಿ ಶುರುವಾಗಿರುತ್ತದೆ. ಮೂರು ತಿಂಗಳ ಮಟ್ಟಿಗೆ ಮಲೆನಾಡಿನ ಸಾಗರದಿಂದ ಬಂದಿದ್ದ ಅಮ್ಮ ಈ ಮಳೆಯ ಜೊತೆ ಹಟಕ್ಕೆ ಬಿದ್ದಿದ್ದರು. "ಇದೆಂಥ ಮಳೆ ಮಾರಾಯ, ಬಂದ್ರೆ ಸರಿಯಾಗಿ ಬರಬೇಕು, ಇಲ್ಲದಿದ್ರೆ ಸುಮ್ನಿರಬೇಕು" ಎನ್ನುವುದು ಮಲೆನಾಡಿನವರ ತಕರಾರು. ಇಲ್ಲಿನವರು ಇಂಥ ದಿನವನ್ನು ಪ್ರೀತಿಯಿಂದ 'ಸಾಫ್ಟ್ ಡೇ' ಎನ್ನುತ್ತಾರೆಂದು ಹೇಳಿದ್ದಕ್ಕೆ ಅಮ್ಮನಿಗೆ ಇನ್ನಷ್ಟು ಸಿಟ್ಟು ಬಂದಿತ್ತು.

ಅವರು ಊರಿಗೆ ಮರಳಿದ ಮೇಲೆ ಆ ಜಗಳವನ್ನೇ ಒಂದು ಕನ್ನಡ ಕಾಮಿಕ್ ಮಾಡೋಣ ಎನಿಸಿತು. ಒಂದು ತಿಂಗಳ ಕೆಲಸ ಅಂದುಕೊಂಡಿದ್ದೆ, ಹದಿನಾಲ್ಕು ತಿಂಗಳು ಹಿಡಿಯಿತು. ಬಟ್ಟೆಯ ಕಥೆಗೆ ಈ ಊರು ಸರಿಯಾದ ಜಾಗವೇ. ಡಗ್ಲಸ್ ಎಂದರೆ ಐರಿಷ್ ಭಾಷೆಯಲ್ಲಿ ಕರಿಹೊಳೆ. 18ನೇ ಶತಮಾನದಲ್ಲಿ ಇಲ್ಲಿ ಹಡಗಿನ ಹಾಯಿಬಟ್ಟೆ ನೇಯುತ್ತಿದ್ದರು, ಆಮೇಲೆ ಉಣ್ಣೆ ಗಿರಣಿಗಳು ಬಂದವು. ಆ ಬಟ್ಟೆಗಳನ್ನೆಲ್ಲ ಎಲ್ಲಿ ಒಣಗಿಸುತ್ತಿದ್ದರು ಎಂಬ ಅಮ್ಮನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ದೊಡ್ಡ ಕಂಪನಿಗಳ ಕಾಮಿಕ್ ಒಂದು ಮೆರವಣಿಗೆ ಇದ್ದಂತೆ. ಕಥೆ ಬರೆಯುವವರು, ಪೆನ್ಸಿಲ್ ಗೆರೆ ಎಳೆಯುವವರು, ಅದರ ಮೇಲೆ ಶಾಯಿ ತೀಡುವವರು, ಬಣ್ಣದವರು, ಅಕ್ಷರದವರು ಎಲ್ಲ ಬೇರೆಬೇರೆ. ಸ್ವತಂತ್ರ ಕಾಮಿಕ್‌ನಲ್ಲಿ ಈ ಅಷ್ಟೂ ಜನ ಒಂದೇ ಅಡುಗೆಮನೆ ಮೇಜಿನ ಮುಂದೆ ಒಂದೇ ಕುರ್ಚಿಯಲ್ಲಿ ಕೂತಿರುತ್ತಾರೆ. ಕಾರ್ಕ್‌ನಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಬ್ಯಾಲಿಕಾಟನ್ ಎಂಬ ಮೀನುಗಾರರ ಊರಿದೆ. ಅಲ್ಲಿಯ ವಿಲ್ ಸ್ಲೈನಿ ಎರಡೂ ಬಗೆ ಕಂಡವರು. ಮಾರ್ವೆಲ್‌ಗಾಗಿ ಸ್ಪೈಡರ್‌ಮ್ಯಾನ್ ಚಿತ್ರಿಸಿದ ಇದೇ ಕಲಾವಿದ, ಐರಿಷ್ ಪುರಾಣದ ವೀರ ಕೂ ಹುಲಿನ್‌ನ ಕಥೆಯನ್ನು ತಾವೇ ಬರೆದು ತಾವೇ ಚಿತ್ರಿಸಿದರು. ಅದನ್ನು ಡಬ್ಲಿನ್‌ನ ಒಬ್ರಯನ್ ಪ್ರೆಸ್ 2013ರಲ್ಲಿ ಪ್ರಕಟಿಸಿತು. ಹರೆಯ ಮುಗಿಯದ ಹುಡುಗ ಒಂಟಿಯಾಗಿ ಇಡೀ ಸೇನೆಯನ್ನು ತಡೆದು ನಿಲ್ಲಿಸುವ ಕಥೆ ಅದು. ಓದುವಾಗ ನನಗೆ ಅಭಿಮನ್ಯು ನೆನಪಾಗದೆ ಇರಲಿಲ್ಲ.

ಕನ್ನಡಕ್ಕೆ ಕಾಮಿಕ್ ಹೊಸದಲ್ಲ. ಅಮರ ಚಿತ್ರಕಥೆ ಮೊದಲು ಬಂದದ್ದೇ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸ್ ಮೂಲಕ ಹೊರತಂದ ಹತ್ತು ಪುಸ್ತಕಗಳು ಸಿಂಡರೆಲ್ಲಾಳಂಥ ಪರದೇಶದ ಕಥೆಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬೈಯಲ್ಲಿ ಕೂತು ಇಂಗ್ಲಿಷ್‌ನಲ್ಲಿ 'ಕೃಷ್ಣ' ತಂದಾಗ ಅದಕ್ಕೆ ಹನ್ನೊಂದನೇ ಸಂಖ್ಯೆ ಬಿತ್ತು. ಆ ಸಾಲು ಹನ್ನೊಂದರಿಂದ ಯಾಕೆ ಶುರುವಾಗುತ್ತದೆಂದು ತಲೆ ಕೆರೆದುಕೊಂಡವರಿಗೆ ಉತ್ತರ ಬೆಂಗಳೂರಿನಲ್ಲಿದೆ. ನನ್ನ ಓರಗೆಯವರು ಬಾಲಮಂಗಳ ಪತ್ರಿಕೆಯ ಇಲಿ ನಾಯಕ ಡಿಂಗನನ್ನು ಓದಿ ಬೆಳೆದವರು. ಆ ಇಲಿ ಮಲಯಾಳದಿಂದ ಬಂದದ್ದು ಎಂದು ತಿಳಿದ ದಿನ ಸ್ವಲ್ಪ ಬೇಜಾರಾಗಿತ್ತು. ಕನ್ನಡದಲ್ಲೇ ಹುಟ್ಟಿ ಕನ್ನಡದ ಬಾಯಲ್ಲೇ ಮಾತಾಡುವ ಕಾಮಿಕ್‌ಗಳು ಇಂದಿಗೂ ಕಡಿಮೆಯೇ.

ಕಾಮಿಕ್ ಮಾಡುವವರಿಗೆ ಮೊದಲು ಅಡ್ಡ ಬರುವುದು ಕಾಗದ. ನಡುವೆ ಮಡಚಿ ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದು ಹಾಳೆಗೆ ನಾಲ್ಕು ಪುಟ. ಹಾಗಾಗಿ 16 ಆಗಬಹುದು, 20 ಆಗಬಹುದು, ನಡುವಿನ ಲೆಕ್ಕ ಇಲ್ಲ. ನನ್ನ ಕಥೆ 19 ಪುಟಕ್ಕೆ ಬಂದು ನಿಂತಿತು. ಒಂದು ಪುಟ ಎಳೆದು 20 ಮಾಡುವ ಆಸೆಯಾಯಿತು. ಕೊನೆಗೆ ಮೂರು ಪುಟ ಕಿತ್ತುಹಾಕಿದೆ. ವಿಮಾನ ನಿಲ್ದಾಣ ಹೋಯಿತು, ಸೂಟ್‌ಕೇಸಿನ ತೂಕದ ಜೋಕು ಹೋಯಿತು, ಉಪ್ಪಿನಕಾಯಿ ಬಾಟಲಿ ಹೋಯಿತು. ಕಥೆ ನೇರ ಹಿತ್ತಿಲಿನಲ್ಲೇ ಶುರುವಾಯಿತು. ಜಾಗಕ್ಕೆ ತಕ್ಕಂತೆ ಕಥೆ ಕತ್ತರಿಸುವುದು ಹೊಸ ಕಷ್ಟವೇನಲ್ಲ. ತರೀಕೆರೆ ಬಳಿಯ ಅಮೃತಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದ ದಕ್ಷಿಣದ ಗೋಡೆಯಲ್ಲಿ ಇಡೀ ರಾಮಾಯಣ 70 ಫಲಕಗಳಲ್ಲಿದೆ, ಅದೂ ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ ಗೋಡೆಯಲ್ಲಿ ಕೃಷ್ಣನಿಗೆ 25, ಭಾರತಕ್ಕೆ 45. ಗೋಡೆ ಇದ್ದಷ್ಟೇ ಕಥೆ. ಯಾವ ಪ್ರಸಂಗ ಬಿಡಬೇಕೆಂದು ಆ ರೂವಾರಿಗಳು ಎಷ್ಟು ರಾತ್ರಿ ಕೂತು ವಾದಿಸಿದ್ದರೋ.

ಎರಡನೆಯದು ಪುಟ ತಿರುವುವ ಕ್ಷಣ. ಒಂದನೇ ಪುಟ ಬಲಕ್ಕೆ ಬರುತ್ತದೆ, ಎರಡು ಮತ್ತು ಮೂರು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಮೂರರಲ್ಲಿ ಅಚ್ಚರಿ ಇಟ್ಟರೆ ಓದುಗರ ಕಣ್ಣು ಎರಡನ್ನು ಓದುವ ಮೊದಲೇ ಅದನ್ನು ಕದ್ದಿರುತ್ತದೆ. ಬಚ್ಚಿಡಬೇಕಾದದ್ದನ್ನು ಸಮಸಂಖ್ಯೆಯ ಪುಟದಲ್ಲೇ ಇಡಬೇಕು. ಯಕ್ಷಗಾನದ ತೆರೆ ಒಡ್ಡೋಲಗ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆರೆಯ ಹಿಂದೆ ಕಿರೀಟದ ತುದಿ ಅಲ್ಲಾಡಿದರೆ ಸಾಕು, ತೆರೆ ಸರಿಯುವವರೆಗೆ ಜನ ಕಾಯುತ್ತಾರೆ.

ಬೆಂಕಿಪೊಟ್ಟಣದಷ್ಟು ಚೌಕಗಳಲ್ಲಿ ಇಡೀ ಪುಸ್ತಕವನ್ನು ಒಮ್ಮೆ ಗೀಚಿಕೊಂಡ ಮೇಲೆ ನಿಜವಾದ ಚಿತ್ರ ಶುರು. ಎ3 ಹಾಳೆಯಲ್ಲಿ ತಿಳಿನೀಲಿ ಪೆನ್ಸಿಲ್ಲಿನಿಂದ ಗೆರೆ, ಅದರ ಮೇಲೆ ಕಪ್ಪು ಶಾಯಿ. ಸ್ಕ್ಯಾನ್ ಮಾಡುವಾಗ ನೀಲಿಯನ್ನು ತೆಗೆದುಹಾಕುವುದು ಸುಲಭ, ರಬ್ಬರಿನಿಂದ ಅಳಿಸುವ ಕೆಲಸ ತಪ್ಪುತ್ತದೆ. ಅಚ್ಚಾಗುವುದು ಎ5 ಅಳತೆಗೆ, ಅಂದರೆ ಉದ್ದಗಲ ಅರ್ಧಕ್ಕಿಳಿಯುತ್ತದೆ. ನಡುಗುವ ಕೈಯ ಗೆರೆಯೂ ಚಿಕ್ಕದಾದಾಗ ಗಟ್ಟಿಯಾಗಿ ಕಾಣುತ್ತದೆ. ನನ್ನಂಥ ಹವ್ಯಾಸಿಯ ಮಾನ ಉಳಿಸಿದ್ದು ಇದೇ.

ಕಾಮಿಕ್‌ನಲ್ಲಿ ಅಮ್ಮನೇ ಅಜ್ಜಿ. ಐದನೇ ಪುಟದಲ್ಲಿ ಆರು ಚೌಕಗಳಿವೆ. ಅಜ್ಜಿ ಬಟ್ಟೆ ಹಾಕುತ್ತಾರೆ. ಮೋಡ. ಅಜ್ಜಿ ಬಟ್ಟೆ ತೆಗೆಯುತ್ತಾರೆ. ಬಿಸಿಲು. ಮತ್ತೆ ಹಾಕುತ್ತಾರೆ. ಆರನೇ ಚೌಕದಲ್ಲಿ ಬರೀ ಹಗ್ಗ, ಹಗ್ಗದ ಮೇಲೆ ಸಾಲಾಗಿ ಹನಿ. ಮೊದಲ ಕರಡಿನಲ್ಲಿ ಪ್ರತಿ ಚೌಕದ ನೆತ್ತಿಯ ಮೇಲೂ ವಿವರಣೆ ಇತ್ತು: 'ಮೋಡ ಕವಿಯಿತು', 'ಅಜ್ಜಿ ಅವಸರದಿಂದ ಬಟ್ಟೆ ತೆಗೆದರು'. ಚಿತ್ರಕಥೆ ಓದಿ ಬಂದ ಅಭ್ಯಾಸ. ಕಣ್ಣು ಕಂಡದ್ದನ್ನು ಅಕ್ಷರ ಮತ್ತೊಮ್ಮೆ ಸಾರುತ್ತಿತ್ತು. ಕರಡು ನೋಡಿದ ಮಗಳು, "ಅಪ್ಪಾ, ಇದು ಕಾಣ್ತಾ ಇದ್ಯಲ್ಲ, ಮತ್ಯಾಕೆ ಬರ್ದಿದ್ದೀಯ?" ಅಂದಳು. ಆರನ್ನೂ ಹೊಡೆದುಹಾಕಿದೆ. ಚೌಕಗಳ ನಡುವಿನ ಬಿಳಿ ಪಟ್ಟಿಗೆ ಇಂಗ್ಲಿಷ್‌ನಲ್ಲಿ 'ಗಟರ್' ಎನ್ನುತ್ತಾರೆ. ಸ್ಕಾಟ್ ಮೆಕ್ಲೌಡ್ ಅವರ 1993ರ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಪುಸ್ತಕದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ಕನ್ನಡದಲ್ಲಿ ಚರಂಡಿ ಎಂದರೆ ವಾಸನೆ ಬರುತ್ತದೆ, ಆದ್ದರಿಂದ ನಮ್ಮ ಮನೆಯಲ್ಲಿ ಅದು ಓಣಿ. ಅಜ್ಜಿ ಹಿತ್ತಿಲಿಗೆ ಓಡಿಬರುವುದು ಯಾವ ಚೌಕದಲ್ಲೂ ಇಲ್ಲ. ಓಣಿಯಲ್ಲಿದೆ. ಓಡಿಸುವವರು ಓದುಗರು.

ಇನ್ನು ಅಕ್ಷರ. ಕನ್ನಡ ಕಾಮಿಕ್‌ನ ನಿಜವಾದ ಕಷ್ಟ ಇದೇ, ನನಗೆ ಕಂಡಂತೆ ಸುಖವೂ ಇದೇ. ಕಿರುಚಿದ್ದನ್ನು ತೋರಿಸಲು ಇಂಗ್ಲಿಷ್‌ನವರಿಗೆ ದೊಡ್ಡಕ್ಷರ ಇದೆ, ನಮಗಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಜೋತುಬೀಳುತ್ತವೆ, ಸಾಲುಗಳ ನಡುವೆ ಜಾಗ ಬಿಡಬೇಕು, ಮಾತಿನ ಬಲೂನು ಊದಿಕೊಂಡು ಅಜ್ಜಿಯ ಮುಖವನ್ನೇ ನುಂಗುತ್ತದೆ. 'ತೆಗೆದುಕೊಂಡು ಬರುತ್ತಿದ್ದೆನಲ್ಲ' ಎಂಬುದು ನನ್ನ ಬಲೂನಿನಲ್ಲಿ ಹಿಡಿಯಲೇ ಇಲ್ಲ. 'ತಗೊಂಬರ್ತಿದ್ನಲ್ಲ' ಹಿಡಿಯಿತು. ಒಂದೊಂದೇ ಬಲೂನು ಹೀಗೆ ಪುಸ್ತಕದ ಕನ್ನಡವನ್ನು ಹೊರಗೆ ದಬ್ಬುತ್ತ ಅಮ್ಮನ ಕನ್ನಡವನ್ನು ಒಳಗೆ ಕರೆದುಕೊಂಡಿತು. ನಾನು ಯೋಚನೆ ಮಾಡಿ ಆರಿಸಿದ ಶೈಲಿಯಲ್ಲ, ಜಾಗ ಸಾಲದೆ ಬಂದ ಶೈಲಿ.

ಶಬ್ದದ ವಿಷಯಕ್ಕೆ ಬಂದರೆ ನಾವೇ ಸಾಹುಕಾರರು. ಡಗ್ಲಸ್‌ನ ಮಳೆಗೆ 'ಜಿಟಿಜಿಟಿ' ಎಂದು ಸಣ್ಣಕ್ಷರದಲ್ಲಿ ಪುಟಪುಟಕ್ಕೂ ಉದುರಿಸಿದೆ. 13ನೇ ಪುಟದ ಕೊನೆಯ ಚೌಕದಲ್ಲಿ ಊರಿಗೆ ಮರಳಿದ ಅಜ್ಜಿ ಫೋನಿನಲ್ಲಿ "ಕೇಳಿಸ್ತಾ?" ಎನ್ನುತ್ತಾರೆ. ಪುಟ ತಿರುವಿದರೆ 14 ಮತ್ತು 15 ಸೇರಿ ಒಂದೇ ಅಕ್ಷರ: 'ಧೋ'. ಅದರ ದೀರ್ಘ ಬಲತುದಿಯವರೆಗೆ ಹರಿದು ಸಾಗರದ ಹೆಂಚಿನ ಮೇಲೆ ಸುರಿಯುತ್ತದೆ. ಆ ಎರಡು ಪುಟಕ್ಕೆ ಮೂರು ವಾರ ಹೋಯಿತು.

ಮುದ್ರಣಾಲಯದಿಂದ ಬಂದ ಮೊದಲ ಪ್ರತಿಯಲ್ಲಿ ಒತ್ತುಗಳೆಲ್ಲ ಬಿಚ್ಚಿಕೊಂಡು 'ಅಜ್ಜಿ' ಹೋಗಿ 'ಅಜ್‌ಜಿ' ಆಗಿತ್ತು. ತಪ್ಪು ನನ್ನದೇ. ಅಕ್ಷರಗಳನ್ನು ಚಿತ್ರವಾಗಿ ಬದಲಿಸದೆ, ಅಕ್ಷರವಾಗಿಯೇ ಬಿಟ್ಟು ಕಡತ ಕಳಿಸಿದ್ದೆ. ಅವರ ಯಂತ್ರಕ್ಕೆ ಒತ್ತಿನ ಗೊಡವೆ ಗೊತ್ತಿಲ್ಲ. ಕೊನೆಗೆ ಎಲ್ಲವನ್ನೂ ಕೈಯಲ್ಲೇ ಬರೆದೆ. ಆಗಲೇ ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಪೆನ್ನಿನ ಗುಣ ಬಂತು. ಮೊದಲಿನಿಂದಲೂ ಹಾಗೇ ಮಾಡಬೇಕಿತ್ತು.

ನೂರು ಪ್ರತಿ ಅಚ್ಚಾಯಿತು. ಅರ್ಧದಷ್ಟು ಗೆಳೆಯರ ಮನೆ ಸೇರಿದವು. ಒಂದನ್ನು ಅಮ್ಮನಿಗೆ ಅಂಚೆಯಲ್ಲಿ ಕಳಿಸಿದೆ. ತಲುಪಿದ ದಿನ ವಿಡಿಯೊ ಕಾಲ್‌ನಲ್ಲಿ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. 'ಧೋ' ಬಂದಾಗ ಏನೂ ಹೇಳಲಿಲ್ಲ. ಐದನೇ ಪುಟಕ್ಕೆ ವಾಪಸು ಹೋಗಿ ಬೆರಳಿಟ್ಟರು.

"ಇಲ್ನೋಡು, ಮೂರನೇದ್ರಲ್ಲಿ ಬುಟ್ಟಿ ನನ್ನ ಎಡಗೈಲಿದೆ. ಐದನೇದ್ರಲ್ಲಿ ಬಲಗೈಲಿದೆ. ನಾನ್ಯಾವಾಗ್ಲೂ ಎಡಸೊಂಟದ ಮೇಲೇ ಇಟ್ಕೊಳ್ಳೋದು."